ಹೊಸನಗರದಲ್ಲಿ ಕುಳಿತು ಮರುಭೂಮಿಯ ರಾಜ್ಯವನ್ನು ಕಟ್ಟುವುದು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರವಳು, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಅಡಿಕೆ ತೋಟದ ನಡುವೆ ಬೆಳೆದವಳು. ಮೂರು ವರ್ಷಗಳಿಂದ ಕಲ್ಪನಾಲೋಕದ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಥೆ ನಡೆಯುವುದು ‘ಇರಿಣಾವತಿ’ ಎಂಬ ಮರುಭೂಮಿಯ ರಾಜ್ಯದಲ್ಲಿ. ಅಲ್ಲಿ ಎಲ್ಲಿ ನೋಡಿದರೂ ಮರಳ ದಿಬ್ಬಗಳು. ನಡುವೆ ಕಾರಂಜಿಗಳೂ ಉದ್ಯಾನಗಳೂ ಇರುವ ರಾಜಧಾನಿ. ಮೂರು ಸಾವಿರ ವರ್ಷಗಳಿಂದ ಒಂದೇ ವಂಶದ ಆಳ್ವಿಕೆ. ಗಡಿಯಾಚೆ ಒಂಟೆಗಳ ಮೇಲೆ ಬಂದು ದೋಚುವ ಅಲೆಮಾರಿಗಳು. ಹಿಂದೊಮ್ಮೆ ಅಲ್ಲಿ ನದಿಯಿತ್ತು, ಋಷಿಯೊಬ್ಬನ ಶಾಪದಿಂದ ಅದು ಒಂದೇ ರಾತ್ರಿಯಲ್ಲಿ ಬತ್ತಿತು. ಈ ಚರಿತ್ರೆಯನ್ನೆಲ್ಲ ಮೊದಲ ನಲವತ್ತು ಪುಟಗಳಲ್ಲಿ ಹೇಳಿದ್ದೇನೆ. ಓದಿದ ಗೆಳತಿ, “ಮರುಭೂಮಿ ಕಂಡೇ ಇಲ್ಲದವಳು ಇದನ್ನೇಕೆ ಬರೆಯುತ್ತೀ, ನಮ್ಮ ಮಳೆ, ನಮ್ಮ ಕಾಡಿನ ಬಗ್ಗೆ ಬರೆ” ಎಂದಳು. ಅಂದಿನಿಂದ ಬರವಣಿಗೆ ನಿಂತಿದೆ. ರಾಜಸ್ಥಾನದ, ಅರಬ್ ನಾಡುಗಳ ಉಡುಗೆ, ಹೆಸರು, ಹಬ್ಬಗಳನ್ನು ತೆಗೆದುಕೊಂಡರೆ ತಪ್ಪಾಗುತ್ತದೆಯೇ? ಕನ್ನಡದಲ್ಲಿ ಮರುಭೂಮಿಗೆ ಬೇಕಾದ ಪದಗಳೇ ಇಲ್ಲವಲ್ಲ, ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನೂ ಅದರೊಂದಿಗಿದ್ದ ಮೊದಲ ಅಧ್ಯಾಯವನ್ನೂ ಎರಡು ಸಲ ಓದಿದೆ. ಪ್ರಶ್ನೆಗಳು ಹಲವು, ಆದರೆ ಅವುಗಳ ಕೆಳಗಿರುವ ಅಳುಕು ಒಂದೇ: ಕಾಣದ ನೆಲವನ್ನು ಬರೆಯಲು ನಾನು ಅರ್ಹಳೇ, ಬರೆದರೆ ಓದುವವರು ನಂಬುತ್ತಾರೆಯೇ ಎಂಬುದು. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ, ನಿವೃತ್ತಿಯ ಬಳಿಕ ಹೊಸ ಬರಹಗಾರರ ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡುತ್ತಿರುವ ನನಗೆ ಈ ಅಳುಕು ಹೊಸದಲ್ಲ. ಅರ್ಹತೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಇರಿಣಾವತಿ ಯಾವ ಭೂಪಟದಲ್ಲೂ ಇಲ್ಲ. ಅಲ್ಲಿ ಹುಟ್ಟಿದವರಾಗಲಿ ಹೋಗಿ ಬಂದವರಾಗಲಿ ಯಾರೂ ಇಲ್ಲ. ಆದ್ದರಿಂದ ಅದನ್ನು ಬರೆಯಲು ನಿಮಗಿಂತ ಹೆಚ್ಚಿನ ಹಕ್ಕು ಇನ್ನೊಬ್ಬರಿಗಿಲ್ಲ. ನಂಬಿಕೆಯ ಮಾತು ಬೇರೆ. ರಾಜ್ಯ ಕಲ್ಪಿತವಾದರೂ ಬಿಸಿಲು, ಬಾಯಾರಿಕೆ, ಮರಳು, ಉಪ್ಪು ಇವು ಕಲ್ಪಿತವಲ್ಲ. ಅವುಗಳ ನಡವಳಿಕೆ ತಪ್ಪಿದರೆ ಮಾಂತ್ರಿಕರನ್ನು ನಂಬುವ ಓದುಗನೂ ನಿಮ್ಮ ಬಾವಿಯನ್ನು ನಂಬುವುದಿಲ್ಲ.

ನಿಮ್ಮ ಅಧ್ಯಾಯದಲ್ಲಿ ಕಂಡ ಕೆಲವು ತಪ್ಪು ಕಲ್ಪನೆಗಳನ್ನು ಮೊದಲು ತೆಗೆದಿಡೋಣ. ಮರುಭೂಮಿ ಎಂದರೆ ಮರಳಿನ ಸಮುದ್ರ ಎಂಬುದು ಚಿತ್ರಗಳು ಕೊಟ್ಟ ತಿಳಿವಳಿಕೆ. ಸಹಾರಾದಲ್ಲೇ ಮರಳು ಹರಡಿರುವುದು ಸುಮಾರು ಕಾಲು ಭಾಗದಲ್ಲಿ ಮಾತ್ರ. ಉಳಿದದ್ದು ಕಲ್ಲುಹಾಸು, ಗರಸು ನೆಲ, ಬೋಳು ಬೆಟ್ಟ, ಒಣಗಿದ ಹಳ್ಳದ ಪಾತ್ರ, ಉಪ್ಪು ಹೆಪ್ಪುಗಟ್ಟಿದ ಬಯಲು. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಆ ಲೆಕ್ಕದಲ್ಲಿ ಹಿಮದ ಗಾಳಿ ಬೀಸುವ ಲಡಾಖ್ ಕೂಡ ಮರುಭೂಮಿಯೇ. ನಿಮ್ಮ ನಾಯಕಿ ರಾತ್ರಿಯಲ್ಲೂ ಬೆವರುತ್ತಾಳೆ. ಮಳೆಗಾಲದ ಮಲೆನಾಡಿನಲ್ಲಿ ಹಗಲಿಗೂ ರಾತ್ರಿಗೂ ಕಾವಿನಲ್ಲಿ ಅಂಥ ವ್ಯತ್ಯಾಸವಿರುವುದಿಲ್ಲ, ಏಕೆಂದರೆ ಮೋಡ ಮತ್ತು ತೇವ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತವೆ. ಮರುಭೂಮಿಗೆ ಆ ಕಂಬಳಿ ಇಲ್ಲ, ಹಗಲಿನ ಕಾವು ಸಂಜೆಯಾದೊಡನೆ ಆಕಾಶಕ್ಕೆ ಹೊರಟುಹೋಗುತ್ತದೆ. ಆದ್ದರಿಂದ ಅವಳಿಗೆ ರಾತ್ರಿ ಉಣ್ಣೆಯ ಹೊದಿಕೆ ಬೇಕು, ಉಣ್ಣೆ ಕೊಡುವ ಕುರಿಗಾಹಿಗಳೂ ಬೇಕು. ಒಂಟೆಯ ಡುಬ್ಬದಲ್ಲಿ ನೀರಿರುವುದಿಲ್ಲ, ಕೊಬ್ಬಿರುತ್ತದೆ. ಬಾಯಾರಿದ ಒಂಟೆ ಕಾಲು ಗಂಟೆಯೊಳಗೆ ನೂರು ಲೀಟರಿನಷ್ಟು ಕುಡಿಯಬಲ್ಲುದು ಎಂಬುದೇ ಅದರ ನಿಜವಾದ ಬೆರಗು. ಅದೇ ಕಾರಣಕ್ಕೆ, ನೂರು ಒಂಟೆಗಳ ಸಾಲು ಒಂದು ಸಣ್ಣ ಬಾವಿಯ ಬಳಿಗೆ ಬಂತೆಂದರೆ ಆ ಊರಿಗೆ ಅದು ವ್ಯಾಪಾರದ ಸಂಭ್ರಮವೂ ಹೌದು, ಎದೆ ನಡುಗಿಸುವ ಸಂಗತಿಯೂ ಹೌದು. ನಿಮ್ಮ ಮೂರನೆಯ ಪುಟದಲ್ಲಿ ಹೀಗೊಂದು ಸಾಲು ಬರುತ್ತದೆ, ಆದರೆ ಅವುಗಳಿಗೆ ಯಾರೂ ನೀರು ಕೊಡುವುದಿಲ್ಲ.

ಇನ್ನೊಂದು, ನೆರೆ. ಮರುಭೂಮಿಯಲ್ಲಿ ನೆರೆ ಬರುವುದಿಲ್ಲ ಎಂದು ನೀವು ಬರೆದಿದ್ದೀರಿ. ಗಿಡಮರಗಳಿಲ್ಲದ ಗಟ್ಟಿ ನೆಲದ ಮೇಲೆ ಹಠಾತ್ತನೆ ಸುರಿದ ಮಳೆ ಇಂಗದೆ ಒಣಹಳ್ಳದಲ್ಲಿ ಗೋಡೆಯಂತೆ ಬರುತ್ತದೆ. ಇಂದಿನ ಜೋರ್ಡಾನ್‌ನಲ್ಲಿ ಬಂಡೆ ಕಡಿದು ಪೆಟ್ರಾ ನಗರವನ್ನು ಕಟ್ಟಿದ ನಬಾತಿಯನ್ನರು, ಊರೊಳಗೆ ಬರುವ ಕಿರಿದಾದ ಕಣಿವೆಯ ಬಾಯಿಗೆ ಅಡ್ಡಕಟ್ಟೆ ಕಟ್ಟಿ, ಬೆಟ್ಟ ಕೊರೆದು, ಆ ನೀರನ್ನು ಬೇರೆಡೆಗೆ ತಿರುಗಿಸಿದ್ದರು. ನೀರಿಲ್ಲದ ನೆಲದವರು ನೀರಿನಿಂದ ಊರನ್ನು ಕಾಪಾಡಿಕೊಳ್ಳಲು ಪಟ್ಟ ಶ್ರಮ ಅದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ನಲವತ್ತು ಪುಟಗಳಲ್ಲಿ ಇಪ್ಪತ್ತಮೂರು ರಾಜರಿದ್ದಾರೆ, ಹನ್ನೊಂದು ಯುದ್ಧಗಳಿವೆ, ಆದರೆ ರಾಜಧಾನಿಗೆ ನೀರು ಎಲ್ಲಿಂದ ಬರುತ್ತದೆ ಎಂಬ ಒಂದು ವಾಕ್ಯವಿಲ್ಲ. ಆ ವಾಕ್ಯವನ್ನು ಬರೆದುಕೊಂಡರೆ ರಾಜರೂ ಯುದ್ಧಗಳೂ ತಾವಾಗಿ ಸಾಲುಗೂಡುತ್ತವೆ. ಇದು ನನ್ನ ವೃತ್ತಿ ಕಲಿಸಿದ ಪಾಠ, ಇದನ್ನು ಕಲಿಯಲು ನಾನು ಶಿಕಾರಿಪುರ ತಾಲ್ಲೂಕು ದಾಟಿ ಹೋಗಬೇಕಾಗಲಿಲ್ಲ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭ ಶಾಸನವನ್ನು ನೀವು ನೋಡಿರಬಹುದು. ಕದಂಬ ವಂಶದ ಹುಟ್ಟನ್ನು ನಾವು ತಿಳಿದಿರುವುದು ಬಹುಮಟ್ಟಿಗೆ ಆ ಕಲ್ಲಿನಿಂದ. ಮಯೂರಶರ್ಮ ವಿದ್ಯೆಗಾಗಿ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ಅವನು ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು ಎಲ್ಲವನ್ನೂ ಕುಬ್ಜನೆಂಬ ಕವಿ 5ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಹೇಳುತ್ತಾನೆ. ಆದರೆ ಆ ಶಾಸನ ಹುಟ್ಟಿದ ಸಂದರ್ಭವೇನು? ಕಾಕುತ್ಸ್ಥವರ್ಮ ಅಲ್ಲೊಂದು ಕೆರೆ ಕಟ್ಟಿಸಿದ್ದು. ಒಂದು ರಾಜವಂಶದ ಕಥೆ ಒಂದು ಕೆರೆಯ ನೆಪದಲ್ಲಿ ಕಲ್ಲಿಗೆ ಇಳಿದಿದೆ. ಆಗುಂಬೆ ಇರುವ ಜಿಲ್ಲೆಯಲ್ಲೇ ಹೀಗಾದರೆ, ಮರುಭೂಮಿಯಲ್ಲಿ ನೀರಿಗೆ ಎಷ್ಟು ಕಥೆ ಅಂಟಿಕೊಂಡಿರಬಹುದು ಯೋಚಿಸಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ ಆಗುವುದು ಸುಮಾರು 200 ಮಿ.ಮೀ. ಮಾತ್ರ. ಆದರೂ 1156ರಲ್ಲಿ ರಾವಲ್ ಜೈಸಲ್ ಅಲ್ಲಿ ಕೋಟೆ ಕಟ್ಟಿದ, ನಗರ ಬೆಳೆಯಿತು, ಶತಮಾನಗಳ ಕಾಲ ಗಡೀಸರ್ ಎಂಬ ಕೆರೆ ಆ ನಗರಕ್ಕೆ ಕುಡಿಯುವ ನೀರು ಕೊಟ್ಟಿತು. ಆ ಸೀಮೆಯ ಜನ ನೀರನ್ನು ಮೂರಾಗಿ ವಿಂಗಡಿಸಿ ಹೆಸರಿಟ್ಟಿದ್ದಾರೆ: ಆಕಾಶದಿಂದ ಬಿದ್ದು ಮೇಲೇ ನಿಲ್ಲುವ ‘ಪಾಲರ್ ಪಾನಿ’, ಆಳದ ಬಾವಿಯ ‘ಪಾತಾಳ ಪಾನಿ’, ಇವೆರಡರ ನಡುವೆ ಮರಳಿನಲ್ಲಿ ತೇವವಾಗಿ ಉಳಿಯುವ ‘ರೇಜಾನಿ ಪಾನಿ’. ಮೂರನೆಯದು ನನಗೆ ಬಹಳ ಪ್ರಿಯವಾದದ್ದು. ಕೆಲವೆಡೆ ಮರಳಿನ ಅಡಿಯಲ್ಲಿ ಜಿಪ್ಸಂನ ಪದರವೊಂದು ಹಾಸಿಕೊಂಡಿರುತ್ತದೆ. ಅದು ಮಳೆಯ ತೇವವನ್ನು ಕೆಳಗಿನ ಉಪ್ಪುನೀರಿಗೆ ಸೇರಗೊಡುವುದಿಲ್ಲ. ಆ ಪದರದವರೆಗೆ ಮಾತ್ರ, ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕುಳಿತು ತೋಡುವಷ್ಟು ಇಕ್ಕಟ್ಟಾದ ಬಾವಿ ತೋಡುತ್ತಾರೆ. ಅದರ ಹೆಸರು ‘ಕುಂಯಿ’. ಸುತ್ತಲಿನ ಮರಳು ಹನಿಹನಿಯಾಗಿ ಬೆವರಿ, ದಿನಕ್ಕೆ ಕೆಲವೇ ಕೊಡ ನೀರು ಕೂಡುತ್ತದೆ. ಬಾವಿ ಮನೆಯವರದು, ಆದರೆ ಅದು ಇರುವ ನೆಲ ಊರಿನದು. ಪಕ್ಕದಲ್ಲಿ ಹೊಸದೊಂದನ್ನು ತೋಡಿದರೆ ಇದ್ದ ತೇವವೇ ಹಂಚಿಹೋಗುವುದರಿಂದ ಊರಿನ ಒಪ್ಪಿಗೆ ಬೇಕು. ಮನೆತನ, ಮದುವೆ, ಆಸ್ತಿ, ದ್ವೇಷ, ನ್ಯಾಯ ಎಲ್ಲವೂ ಆ ಇಕ್ಕಟ್ಟಾದ ಬಾವಿಯೊಳಗಿವೆ. ನಿಮಗೆ ಕಾದಂಬರಿಯ ವಸ್ತು ಸಾಲದಾದರೆ ಅಲ್ಲಿಂದ ಸೇದಿಕೊಳ್ಳಬಹುದು.

ದೊಡ್ಡ ರಾಜ್ಯಕ್ಕೆ ದೊಡ್ಡ ವ್ಯವಸ್ಥೆ ಬೇಕು. ಇರಾನಿನಲ್ಲಿ ‘ಕನಾತ್’, ಬೇರೆಡೆ ‘ಕರೇಜ್’, ಉತ್ತರ ಆಫ್ರಿಕಾದಲ್ಲಿ ‘ಫೊಗ್ಗರ’ ಎಂದು ಕರೆಯುವ ಪದ್ಧತಿಯನ್ನು ನೋಡಿ. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವ ಆಳಕ್ಕೆ ತಾಯಿಬಾವಿ ತೋಡಿ, ಅಲ್ಲಿಂದ ಊರಿನವರೆಗೆ ನೆಲದಡಿಯಲ್ಲೇ ಅತಿ ಸ್ವಲ್ಪ ಇಳಿಜಾರಿನ ಸುರಂಗ ಕೊರೆಯುತ್ತಾರೆ. ಮಣ್ಣೆತ್ತಲು ಮತ್ತು ಗಾಳಿಗೆ ಅಲ್ಲಲ್ಲಿ ಬಾವಿಯಂಥ ಕಂಡಿಗಳು. ಎತ್ತುವ ಯಂತ್ರವಿಲ್ಲ, ಬಿಸಿಲಿಗೆ ಆವಿಯಾಗುವ ಭಯವಿಲ್ಲ, ನೀರು ತನ್ನ ಭಾರದಿಂದಲೇ ನಡೆದು ಬರುತ್ತದೆ. ಇದನ್ನು ನೋಡಲು ನೀವು ಇರಾನಿಗೆ ಹೋಗಬೇಕಿಲ್ಲ. ಬಹಮನಿಗಳ ಕಾಲದಲ್ಲಿ ಇದೇ ವಿದ್ಯೆ ಬೀದರಿಗೆ ಬಂದು, ನೌಬಾದ್‌ನ ಕರೇಜ್ ಆಗಿ ಇಂದಿಗೂ ಉಳಿದಿದೆ. ಘಟ್ಟದ ಕೆಳಗೆ ವಿಟ್ಲ, ಕಾಸರಗೋಡು ಕಡೆಯ ಅಡಿಕೆ ತೋಟಗಳಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳು ಅದರ ಚಿಕ್ಕ ಬಂಧುಗಳಂತಿವೆ. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಮನೆಯಂಗಳಕ್ಕೆ ನೀರು ತರುತ್ತಿದ್ದ ಅಜ್ಜಂದಿರ ಮೊಮ್ಮಗಳು ನೀವು. ಇಳಿಜಾರು ಸ್ವಲ್ಪ ಹೆಚ್ಚಾದರೆ ನೀರು ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ ಎಂಬುದು ನಿಮಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ.

ಈ ವ್ಯವಸ್ಥೆಗೆ ಜನ ಬೇಕು, ಆ ಜನ ಯಾರು ಎಂಬಲ್ಲಿಂದ ಸಮಾಜ ಹುಟ್ಟುತ್ತದೆ. ಇಂದಿನ ಲಿಬಿಯಾದ ಫೆಜ್ಜಾನ್ ಪ್ರಾಂತದಲ್ಲಿ ಗರಮಾಂಟರೆಂಬವರು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಇಂಥ ನೂರಾರು ಸುರಂಗಗಳ ಬಲದಿಂದ ರಾಜ್ಯ ಕಟ್ಟಿದ್ದರು. ರೋಮನ್ನರ ಬರಹಗಳಲ್ಲಿ ಅವರು ದೋಚಿಕೊಂಡು ಓಡುವ ಅನಾಗರಿಕರು. ಪುರಾತತ್ತ್ವಜ್ಞರು ಅಗೆದಾಗ ಸಿಕ್ಕಿದ್ದು ಪಟ್ಟಣಗಳು, ಹೊಲಗಳು, ಕೋಟೆಗಳು, ಸಮಾಧಿಗಳ ಸಾಲು. ಆ ಸುರಂಗಗಳನ್ನು ತೋಡಿ ಹೂಳೆತ್ತಿದವರಲ್ಲಿ ಹಿಡಿದು ತಂದ ಗುಲಾಮರೂ ಇದ್ದಿರಬೇಕು. ಅವರು ಎತ್ತುತ್ತಿದ್ದದ್ದು ಮತ್ತೆ ತುಂಬಿಕೊಳ್ಳದ ಪುರಾತನ ನೀರು, ಅದು ಕೆಳಗಿಳಿಯುತ್ತ ಹೋದಂತೆ ರಾಜ್ಯವೂ ಕುಗ್ಗಿತು. ನಿಮ್ಮ ‘ಗಡಿಯಾಚೆಯ ದರೋಡೆಕೋರರು’ ಯಾರ ಬರಹದಲ್ಲಿ ದರೋಡೆಕೋರರು ಎಂದು ನಾನು ಕೇಳುವುದು ಇದಕ್ಕಾಗಿ. ಅರಮನೆಯ ಲೆಕ್ಕಿಗನ ಕಣ್ಣಿನಿಂದಲೇ ಇಡೀ ಕಾದಂಬರಿ ನೋಡಿದರೆ ಅವರು ಕಳ್ಳರಾಗಿಯೇ ಉಳಿಯುತ್ತಾರೆ. ಸುಗ್ಗಿಯ ನಂತರ ಬಯಲುಸೀಮೆಯಿಂದ ಕುರಿಮಂದೆಗಳೊಂದಿಗೆ ಬರುವವರನ್ನು ಶಿವಮೊಗ್ಗದ ಆಚೀಚೆ ನೀವು ಕಂಡಿದ್ದೀರಿ. ಗದ್ದೆಯಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳಲು ರೈತರು ಅವರಿಗೆ ದವಸವನ್ನೋ ಹಣವನ್ನೋ ಕೊಡುತ್ತಾರೆ. ಬೆಳೆ ಮೇಯ್ದರೆ ಜಗಳವೂ ಆಗುತ್ತದೆ. ಅಲೆಮಾರಿಗೂ ಒಕ್ಕಲಿಗನಿಗೂ ಇರುವ ನಂಟು ಹೀಗೆ ಕೊಡುಕೊಳ್ಳುವಿಕೆಯೂ ಕಲಹವೂ ಹೆಣೆದುಕೊಂಡದ್ದು. ಮರುಭೂಮಿಯಲ್ಲಿ ಅದು ಇನ್ನೂ ಗಾಢ: ಬಾವಿಗಳ ದಾರಿ ಬಲ್ಲವರು, ಉಪ್ಪು ತರುವವರು, ಸುದ್ದಿ ಒಯ್ಯುವವರು ಅವರೇ.

ಉಪ್ಪಿನ ಮಾತು ಬಂತು. 1352ರಲ್ಲಿ ಸಹಾರಾ ದಾಟಿದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ತಗಾಜಾ ಎಂಬ ಗಣಿ ಊರಿನಲ್ಲಿ ಮನೆಗಳನ್ನೂ ಮಸೀದಿಯನ್ನೂ ಉಪ್ಪಿನ ಗಡ್ಡೆಗಳಿಂದಲೇ ಕಟ್ಟಿ, ಮೇಲೆ ಒಂಟೆಯ ತೊಗಲು ಹೊದಿಸಿದ್ದನ್ನು ಕಂಡ. ಮರವೊಂದೂ ಇಲ್ಲದ ಆ ಊರಿನಲ್ಲಿ ಉಪ್ಪು ಕಡಿಯುತ್ತಿದ್ದವರು ಗುಲಾಮರು, ಅವರ ಊಟ ದೂರದಿಂದ ಬರಬೇಕಿತ್ತು. ನಿಮ್ಮ ರಾಜಧಾನಿಯ ಬಂಗಾರದ ಗೋಪುರಕ್ಕಿಂತ ಈ ಉಪ್ಪಿನ ಗೋಡೆ ಎಷ್ಟು ಹೆಚ್ಚು ಹೇಳುತ್ತದೆ ನೋಡಿ. ಹಾಗೆಂದು ನಿಮ್ಮ ಕಾರಂಜಿಗಳನ್ನು ತೆಗೆದುಹಾಕಿ ಎನ್ನುವುದಿಲ್ಲ. ಬೀಳುವ ಮಳೆಯ ಹಲವು ಪಟ್ಟು ನೀರನ್ನು ಬಿಸಿಲು ಹೀರಬಲ್ಲ ನಾಡಿನಲ್ಲಿ ಅರಸನೊಬ್ಬ ಕಾರಂಜಿ ಚಿಮ್ಮಿಸುತ್ತಾನೆಂದರೆ ಅದು ಅಧಿಕಾರದ ಪ್ರದರ್ಶನ. ಆ ನೀರು ಯಾವ ಹಳ್ಳಿಯ ಸರದಿಯಿಂದ ಕಡಿತವಾಯಿತು ಎಂದು ಬರೆದರೆ ನಿಮ್ಮ ಹನ್ನೊಂದು ಯುದ್ಧಗಳಲ್ಲಿ ಒಂದಕ್ಕಾದರೂ ಕಾರಣ ಸಿಗುತ್ತದೆ.

ಇನ್ನು ಮೂರು ಸಾವಿರ ವರ್ಷಗಳ ಒಂದೇ ವಂಶ. ನೀವಿರುವ ತಾಲ್ಲೂಕಿನ ಬಿದನೂರನ್ನೇ ನೆನಪಿಸಿಕೊಳ್ಳಿ. ಕೆಳದಿಯ ಅರಸರು 1499ರಿಂದ 1763ರವರೆಗೆ, ಅಂದರೆ ಮೂರು ಶತಮಾನಕ್ಕೂ ಕಡಿಮೆ ಆಳಿದರು. ಅಷ್ಟರಲ್ಲಿ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಬಂತು. ಬಿದನೂರು ಹೈದರನ ಕೈಸೇರಿ ಹೈದರ್‌ನಗರವಾಗಿ, ಇಂದು ಬರೀ ನಗರವಾಗಿದೆ. ಒಂದು ಊರಿನ ಹೆಸರಿನಲ್ಲೇ ಮೂರು ಆಳ್ವಿಕೆಗಳ ಗುರುತಿದೆ. ಅದೇ ಕೆಳದಿಯ ಚರಿತ್ರೆಯನ್ನು ಅರಮನೆಯ ಆಶ್ರಯದಲ್ಲಿದ್ದ ಕವಿ ಒಂದು ರೀತಿ ಹೇಳಿದರೆ, 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಇನ್ನೊಂದು ರೀತಿ ಬರೆದ. ನಿಮ್ಮ ಇರಿಣಾವತಿಯ ವಂಶಕ್ಕೆ ಮೂರು ಸಾವಿರ ವರ್ಷವಾಯಿತೆಂದು ಆಸ್ಥಾನದ ಭಟ್ಟಂಗಿಗಳು ಹೇಳಲಿ, ಅಡ್ಡಿಯಿಲ್ಲ. ಆದರೆ ಅದು ನಿಜವಲ್ಲ ಎಂದು ತಿಳಿದ ಒಬ್ಬಳು ಮುದುಕಿಯಾದರೂ ಕಥೆಯಲ್ಲಿರಲಿ. ಥಾರ್ ಮರುಭೂಮಿಯಲ್ಲಿ ಮಾಂಗಣಿಯಾರ್ ಎಂಬ ಗಾಯಕರ ಸಮುದಾಯವಿದೆ. ಅವರು ಮುಸ್ಲಿಮರು, ಅವರ ಆಶ್ರಯದಾತರಲ್ಲಿ ಹೆಚ್ಚಿನವರು ಹಿಂದೂ ರಜಪೂತ ಮನೆತನಗಳು. ಆ ಮನೆತನಗಳ ವಂಶಾವಳಿ ಉಳಿದಿರುವುದು ಇವರ ಕೊರಳಲ್ಲಿ, ಹುಟ್ಟಿಗೂ ಮದುವೆಗೂ ಕಮಾಯಿಚಾ ಎಂಬ ತಂತಿವಾದ್ಯ ನುಡಿಸಿ ಹಾಡುವುದು ಇವರ ಹಕ್ಕು. ಒಂದು ಧರ್ಮದ ಮನೆಯ ನೆನಪನ್ನು ಇನ್ನೊಂದು ಧರ್ಮದ ಗಾಯಕ ಕಾಯುವ ಇಂಥ ಸಂಬಂಧಗಳು ನಿಜವಾದ ಮರುಭೂಮಿಯಲ್ಲಿರುವಾಗ, ನಿಮ್ಮ ಕಲ್ಪಿತ ರಾಜ್ಯದಲ್ಲಿ ಎಲ್ಲರಿಗೂ ಒಂದೇ ದೇವರು, ಒಂದೇ ಹಬ್ಬ, ಒಂದೇ ಉಡುಪು ಇರುವುದು ಕಲ್ಪನೆಯ ಬಡತನವಾಗುತ್ತದೆ. ಕಠಿಣ ಮಾತೆನಿಸಿದರೆ ಕ್ಷಮಿಸಿ.

ಋಷಿಯ ಶಾಪ, ಒಂದೇ ರಾತ್ರಿಯಲ್ಲಿ ಬತ್ತಿದ ನದಿ, ಇದನ್ನು ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಕಥೆಯ ಜೀವ ಇಲ್ಲಿದೆ. ಜೈಸಲ್ಮೇರ್ ಬಳಿ ಕುಲಧರಾ ಎಂಬ ಹಾಳೂರಿದೆ. ದಿವಾನನ ಕಾಟ ತಾಳಲಾರದೆ ಪಾಲಿವಾಲ್ ಬ್ರಾಹ್ಮಣರು 84 ಹಳ್ಳಿಗಳನ್ನು ಒಂದೇ ರಾತ್ರಿಯಲ್ಲಿ ಬಿಟ್ಟು, ಶಾಪ ಹಾಕಿ ಹೋದರೆಂಬುದು ಐತಿಹ್ಯ. ಸಂಶೋಧಕರು ಹೇಳುವುದು ಬೇರೆ: ಬಾವಿಗಳು ಬತ್ತಿದ್ದು, ತೆರಿಗೆಯ ಭಾರ, ಬಹುಶಃ ಭೂಕಂಪ. ಇವೇ ಪಾಲಿವಾಲರು ಇಳಿಜಾರಿನ ಕೆಳತುದಿಗೆ ಉದ್ದನೆಯ ಏರಿ ಹಾಕಿ, ಮಳೆನೀರನ್ನು ಹೊಲದಲ್ಲೇ ಇಂಗಿಸಿ, ಆ ತೇವದಲ್ಲಿ ಚಳಿಗಾಲದ ಗೋಧಿ, ಕಡಲೆ ಬೆಳೆಯುವ ‘ಖಡೀನ್’ ಪದ್ಧತಿಯಲ್ಲಿ ನಿಪುಣರಾಗಿದ್ದವರು. ಅಷ್ಟು ನಿಪುಣರಾದವರೂ ಊರು ಬಿಡಬೇಕಾಯಿತು. ಹಾಗಾದರೆ ಐತಿಹ್ಯ ಸುಳ್ಳೇ? ಇತಿಹಾಸದ ವಿದ್ಯಾರ್ಥಿಯಾಗಿ ನಾನು ಹೇಳುವುದು, ದಶಕಗಳ ನೋವನ್ನು ನೆನಪು ಒಂದು ರಾತ್ರಿಯೊಳಗೆ ಕಟ್ಟಿ ಇಡುತ್ತದೆ ಎಂದು. ಇದನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ದೇವಸ್ಥಾನ ಬಿಟ್ಟು ಎದ್ದವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆ ಇದ್ದಾರೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮಡೆನೂರು ಅಣೆಕಟ್ಟು ಮತ್ತೆ ತಲೆ ಎತ್ತುವುದನ್ನು ನೋಡಲು ಜನ ಹೋಗುತ್ತಾರೆ. ನೀರು ಬಂದು ಹೋದ ಊರಿಗೂ ನೀರು ಹೋಗಿ ಹೋದ ಊರಿಗೂ ದುಃಖ ಒಂದೇ ಬಗೆಯದು. ಮುಳುಗಡೆಯವರ ಮನೆಗಳಲ್ಲಿ ಹಿರಿಯರು ಮಾತಾಡುವಾಗ ಯಾವುದನ್ನು ಮೊದಲು ಹೇಳುತ್ತಾರೆ, ಯಾವುದನ್ನು ಹೇಳದೆ ಸುಮ್ಮನಾಗುತ್ತಾರೆ ಎಂದು ಕೇಳಿಸಿಕೊಂಡು ಬನ್ನಿ. ನಿಮ್ಮ ಇರಿಣಾವತಿಗೆ ಬೇಕಾದ ದನಿ ಅಲ್ಲಿದೆ. ಶಾಪದ ಕಥೆ ಜನರ ಬಾಯಲ್ಲಿರಲಿ, ನದಿ ಮಾತ್ರ ನೂರಾರು ವರ್ಷ ತೆಗೆದುಕೊಂಡು ಬತ್ತಲಿ. ಸಹಾರಾ ಕೂಡ ಸುಮಾರು 5,000 ವರ್ಷಗಳ ಹಿಂದಿನವರೆಗೆ ಹುಲ್ಲುಗಾವಲೂ ಕೆರೆಗಳೂ ಇದ್ದ ನೆಲವಾಗಿತ್ತು. ಅಲ್ಜೀರಿಯಾದ ತಸ್ಸಿಲಿ ಬೆಟ್ಟಗಳ ಬಂಡೆಗಳ ಮೇಲೆ ದನಗಳ ಹಿಂಡು, ಜಿರಾಫೆ, ನೀರಾನೆಗಳ ಚಿತ್ರಗಳಿವೆ. ನಿಮ್ಮ ನಾಯಕಿ ಮರಳಿನ ನಡುವೆ ಅಂಥದೊಂದು ಬಂಡೆಯ ಮುಂದೆ ನಿಂತು, ಆ ದಪ್ಪ ಪ್ರಾಣಿಯ ಹೆಸರೇ ತನ್ನ ಭಾಷೆಯಲ್ಲಿಲ್ಲ ಎಂದು ಅರಿಯುವ ದೃಶ್ಯವೊಂದನ್ನು ನಾನು ಓದಬಯಸುತ್ತೇನೆ.

ಎರವಲಿನ ಪ್ರಶ್ನೆಗೆ ನಿಮ್ಮ ಮುಂದೆ ಕೆಲವು ದಾರಿಗಳಿವೆ, ಎಲ್ಲದಕ್ಕೂ ಅಪಾಯವಿದೆ. ಒಂದೇ ನಿಜವಾದ ನಾಡನ್ನು, ಉದಾಹರಣೆಗೆ ರಾಜಸ್ಥಾನದ ಮಾರವಾಡವನ್ನು, ಹೆಸರು ಬದಲಿಸಿ ತೆಗೆದುಕೊಳ್ಳಬಹುದು. ವಿವರಗಳಿಗೆ ಕೊರತೆಯಾಗದು; ಆದರೆ ಓದುಗ ಮುಖವಾಡದ ಹಿಂದಿನ ಮುಖವನ್ನು ಗುರುತಿಸುತ್ತಾನೆ, ಆಮೇಲೆ ನೀವು ಕಲ್ಪಿಸಿದ ಪ್ರತಿ ಕ್ರೌರ್ಯವೂ ಒಂದು ನಿಜವಾದ ಜನಾಂಗದ ಮೇಲಿನ ಆರೋಪವಾಗುತ್ತದೆ. ಅರಬ್ಬರದು ಸ್ವಲ್ಪ, ರಜಪೂತರದು ಸ್ವಲ್ಪ, ಈಜಿಪ್ಟಿನದು ಸ್ವಲ್ಪ ಎಂದು ಬೆರೆಸಬಹುದು, ಈಗ ನೀವು ಮಾಡಿರುವುದು ಇದನ್ನೇ. ಇದರ ತೊಂದರೆ, ಪೇಟ, ಪಿರಮಿಡ್ಡು, ಅತ್ತರು ಎಲ್ಲವೂ ಸಂತೆಯ ಅಂಗಡಿಯಲ್ಲಿ ಜೋಡಿಸಿಟ್ಟ ಸರಕಿನಂತೆ ಕಾಣುತ್ತವೆ. ಯಾವುದು ಯಾಕಿದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ. ನನ್ನ ಸಲಹೆ ಮೂರನೆಯ, ನಿಧಾನದ ದಾರಿ: ಗುರುತುಗಳನ್ನು ಬಿಟ್ಟು ಕಾರಣಗಳನ್ನು ಎರವಲು ಪಡೆಯಿರಿ. ಅಂದರೆ ಓಮಾನಿನ ಪೇಟ ಬೇಡ. ಆದರೆ ಅಲ್ಲಿನ ‘ಫಲಜ್’ ಕಾಲುವೆಗಳ ನೀರನ್ನು ಹಗಲು ನೆರಳುಗಡಿಯಾರ ನೋಡಿ, ರಾತ್ರಿ ನಕ್ಷತ್ರ ನೋಡಿ ಪಾಲು ಹಂಚುತ್ತಿದ್ದರೆಂಬುದನ್ನು ತೆಗೆದುಕೊಳ್ಳಿ. ಆರಿದ್ರೆ, ಪುಷ್ಯ, ಮಘೆ ಎಂದು ನಕ್ಷತ್ರಗಳ ಹೆಸರಲ್ಲಿ ಮಳೆಯನ್ನು ಎಣಿಸುವ ಮನೆಯಿಂದ ಬಂದ ನಿಮಗೆ, ನಕ್ಷತ್ರ ನೋಡಿ ನೀರು ಬಿಡುವ ಜನರ ಪಂಚಾಂಗ, ಪೂಜೆ, ಜ್ಯೋತಿಷ, ಜಗಳ ಎಲ್ಲವನ್ನೂ ಹೊಸದಾಗಿ ಕಟ್ಟಲು ಸಾಧ್ಯ. ಅದು ಆಗ ಓಮಾನಿನದಲ್ಲ, ನಿಮ್ಮದು. ಈ ದಾರಿಯ ಅಪಾಯವೆಂದರೆ ಸಮಯ. ಇನ್ನೊಂದು ವರ್ಷ ಹಿಡಿಯಬಹುದು. ಲೆಕ್ಕಾಚಾರದ ಉತ್ಸಾಹದಲ್ಲಿ ಮನುಷ್ಯರು ಹಿಂದೆ ಉಳಿಯಲೂಬಹುದು. ಹಾಗೆ ಉಳಿದ ಒಳ್ಳೆಯ ಹಸ್ತಪ್ರತಿಗಳನ್ನು ನಾನು ಕಂಡಿದ್ದೇನೆ.

ಹಬ್ಬಗಳ ವಿಷಯದಲ್ಲೂ ಇದೇ ಮಾತು. ಭೂಮಿ ಹುಣ್ಣಿಮೆಯಲ್ಲಿ ನಮ್ಮ ಕಡೆ ದೀವರ ಹೆಣ್ಣುಮಕ್ಕಳು ಬುಟ್ಟಿಗೆ ಚಿತ್ತಾರ ಬರೆದು, ಹೊಡೆ ತುಂಬಿದ ಗದ್ದೆಗೆ ಬಸುರಿಯ ಬಯಕೆ ತೀರಿಸುವಂತೆ ಎಡೆ ಒಯ್ಯುತ್ತಾರೆ. ಆ ಹಬ್ಬ ಭತ್ತದ ಹೊಟ್ಟೆಯಿಂದ ಹುಟ್ಟಿದ್ದು. ಖರ್ಜೂರದ ನಾಡಿನಲ್ಲಿ ಹಬ್ಬ ಎಲ್ಲಿ ಹುಟ್ಟೀತು? ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಳ್ಳೆಯ ಫಸಲಿಗೆ ಮನುಷ್ಯನೇ ಮರ ಹತ್ತಿ ಗಂಡು ಹೂವಿನ ಪರಾಗವನ್ನು ಹೆಣ್ಣು ಗೊನೆಗೆ ಮುಟ್ಟಿಸಬೇಕು. ಮರ ಹತ್ತುವ ಆ ಮನುಷ್ಯ ಒಂದರ್ಥದಲ್ಲಿ ಮದುವೆ ಮಾಡಿಸುವ ಪುರೋಹಿತ. ಕೊನೆಗೌಡರು ಅಡಿಕೆ ಮರದಿಂದ ಮರಕ್ಕೆ ದಾಟುವುದನ್ನು ನೋಡುತ್ತ ಬೆಳೆದ ನಿಮಗೆ ಅವನ ಕಾಲಿನ ಹಿಡಿತ, ಅವನ ಕೂಲಿಯ ಚೌಕಾಸಿ, ಅವನು ಬಿದ್ದರೆ ಆಗುವುದೇನು ಎಂಬುದೆಲ್ಲ ಗೊತ್ತು. ಹಾಗೆಯೇ ಮರ ವಿರಳವಾದಲ್ಲಿ ಮರದ ಬೆಲೆ ಬೇರೆ. 1730ರಲ್ಲಿ ಜೋಧಪುರದ ಅರಮನೆಯ ಸುಣ್ಣದ ಗೂಡಿಗೆ ಸೌದೆ ಕಡಿಯಲು ಬಂದವರನ್ನು ತಡೆಯುತ್ತ ಖೇಜರ್ಲಿಯಲ್ಲಿ ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಗಡದ 363 ಜನ ಬನ್ನಿಯ ಜಾತಿಯ ಖೇಜಡಿ ಮರಗಳನ್ನು ಅಪ್ಪಿಕೊಂಡು ಪ್ರಾಣ ಕೊಟ್ಟರು. ಅದನ್ನು ನಕಲು ಮಾಡಬೇಡಿ, ಅದು ಅವರ ಪವಿತ್ರ ನೆನಪು. ಆದರೆ ನಿಮ್ಮ ರಾಜ್ಯದಲ್ಲಿ ಸೌದೆ ಎಲ್ಲಿಂದ ಬರುತ್ತದೆ, ಇಟ್ಟಿಗೆ ಹೇಗೆ ಸುಡುತ್ತಾರೆ, ಹೆಣವನ್ನು ಸುಡುತ್ತಾರೋ ಹೂಳುತ್ತಾರೋ ಎಂದು ನಿರ್ಧರಿಸುವಾಗ ನೆನಪಿನಲ್ಲಿಟ್ಟುಕೊಳ್ಳಿ.

ಪದಗಳ ಬಗ್ಗೆ ನಿಮ್ಮ ಆತಂಕಕ್ಕೆ ಆಧಾರವಿಲ್ಲ. ಮರೀಚಿಕೆಗೆ ಕನ್ನಡದ್ದೇ ಆದ ಪದವಿದೆ: ಬಿಸಿಲ್ಗುದುರೆ. ಕಾದ ಬಯಲಿನಲ್ಲಿ ಕುಣಿಯುವ ಹೊಳಪನ್ನು ಕುದುರೆಯಾಗಿ ಕಂಡ ಭಾಷೆಗೆ ಮರುಭೂಮಿಯ ಮುಂದೆ ನಾಚಿಕೆಯೇಕೆ? ಬೆಂದ ಕಾಡು ‘ಬೆಂಗಾಡು’, ಮರಳಿನ ಕಾಡು ‘ಮರಳುಗಾಡು’. ಕಾಡಿನಿಂದಲೇ ಮರುಭೂಮಿಯನ್ನು ಅಳೆದ ಭಾಷೆ ನಮ್ಮದು, ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕೇ? ಬಯಲುಸೀಮೆಗೆ ಹೋದರೆ ಒರತೆ, ತಲಪರಿಗೆ, ಚಿಲುಮೆ, ಸೌಳು, ತೂಬು, ಕೋಡಿ, ಏತ ಎಲ್ಲವೂ ಸಿಗುತ್ತವೆ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ‘ನೀರುಗಂಟಿ’ ಎಂಬ ಊರಾಳನ್ನು ನಿಮ್ಮ ರಾಜ್ಯದ ಅತ್ಯಂತ ಬಲಾಢ್ಯ ಅಧಿಕಾರಿಯನ್ನಾಗಿ ಮಾಡಬಹುದು; ಮಂತ್ರಿಗಿಂತ ಅವನಿಗೆ ಜನ ಹೆಚ್ಚು ಹೆದರಲಿ. ಒಂಟೆ, ಖರ್ಜೂರ, ಡೇರೆ ಎಲ್ಲರಿಗೂ ಗೊತ್ತಿರುವ ಮಾತುಗಳು. ಅರ್ಥ ವಿವರಿಸಬೇಕಾದ ಪರಭಾಷೆಯ ಪದವನ್ನು ಅಧ್ಯಾಯಕ್ಕೆ ಒಂದೆರಡಕ್ಕಿಂತ ಹೆಚ್ಚು ಬಳಸಬೇಡಿ.

ಕೊನೆಯದಾಗಿ ಆ ನಲವತ್ತು ಪುಟಗಳು. ಅವನ್ನು ಹರಿಯಬೇಡಿ, ಕಾದಂಬರಿಯಿಂದ ತೆಗೆದು ನಿಮ್ಮ ಮೇಜಿನ ಮೇಲಿಟ್ಟುಕೊಳ್ಳಿ. ಅದು ನಿಮಗೆ ಬೇಕಾದ ಚರಿತ್ರೆ; ಓದುಗನಿಗೆ ಬೇಕಾದದ್ದು ಅದರಲ್ಲಿ ನಾಯಕಿಯ ಕಾಲಿಗೆ ತಾಗುವಷ್ಟು ಮಾತ್ರ. ಹದಿನೇಳನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಬಾವಿ ತೋಡುವ ಮನೆಯ ಹುಡುಗಿ ಇದ್ದಾಳಲ್ಲ, ತಂದೆ ಕೆಳಗಿಳಿದಾಗ ಮೇಲೆ ಹಗ್ಗ ಹಿಡಿದು ನಿಲ್ಲುವವಳು, ಅವಳಿಂದ ಕಾದಂಬರಿ ಆರಂಭವಾಗಲಿ. ಅವಳು ಹಿಡಿದ ಹಗ್ಗ ಯಾವುದರ ನಾರಿನದು, ಅಪ್ಪ ಎಷ್ಟು ಹೊತ್ತು ಒಳಗಿರಬಹುದು, ಮೇಲೆ ಬಂದ ಮೊದಲ ಕೊಡ ಯಾರ ಮನೆಗೆ ಹೋಗಬೇಕೆಂದು ಕಟ್ಟಳೆಯಿದೆ, ಆ ಕಟ್ಟಳೆ ಯಾವ ಅರಸನ ಕಾಲದ್ದು, ಅದನ್ನು ಅವಳ ಅಜ್ಜಿ ಯಾಕೆ ಒಪ್ಪುವುದಿಲ್ಲ, ಇಷ್ಟನ್ನು ತಿಳಿದುಕೊಂಡು ಹತ್ತು ಪುಟ ಬರೆಯಿರಿ. ಅದಕ್ಕೂ ಮೊದಲು, ಸಾಧ್ಯವಾದರೆ ಏಪ್ರಿಲ್ ತಿಂಗಳಲ್ಲಿ, ಬೀದರಿಗೆ ಹೋಗಿ ನೌಬಾದ್‌ನ ಕರೇಜ್ ನೋಡಿ ಬನ್ನಿ. ಶಾಲೆಗೆ ರಜೆ ಇರುತ್ತದೆ, ಬಿಸಿಲೂ ಬೇಕಾದಷ್ಟಿರುತ್ತದೆ. ಮೇಲಿನ ಕಾದ ನೆಲದಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಟ್ಟಿಲಿಳಿದು ಕೆಳಗಿನ ತಂಪಿಗೆ ಮುಖ ಒಡ್ಡಿ. ಬರೆದ ಹತ್ತು ಪುಟಗಳನ್ನು ನನಗೆ ಕಳಿಸಿದರೆ ಓದುತ್ತೇನೆ.